ಎಮ್ಮೆಬಾನಿಯ ಹೆಪ್ಪು

೧೯೬೧ರ ಮುಂಗಾರಿನಲ್ಲಿ ಹೆಬ್ಬಾಳದ ಸುತ್ತಮುತ್ತ ಬಿದ್ದ ಮಳೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಸ್ವಲ್ಪ ಕಡಿಮೆ ಮಾಡಿಯೇ ಹೇಳುವುದು ಮೇಲು. ಕೆರೆ ಕೋಡಿ ಬಿದ್ದು ಮೀನುಗಳು ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಹೊರಟಿದ್ದವು. ಎತ್ತಿನ ಗಾಡಿಯವರು ಅವಕ್ಕೆ ದಾರಿ ಬಿಟ್ಟು ಪಕ್ಕದಲ್ಲಿ ನಿಂತಿದ್ದರು. ಮತ್ತಿಕೆರೆಯಲ್ಲಿ ಕಪ್ಪೆಗಳ ವಟವಟ ಎಷ್ಟಿತ್ತೆಂದರೆ, ಗಂಡ ಹೆಂಡಿರ ಜಗಳಗಳು ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ತಮ್ಮಷ್ಟಕ್ಕೆ ತಾವೇ ನಿಂತುಹೋದವು.

ಪಿಳ್ಳಣ್ಣನಿಗೆ ಮಾತ್ರ ಇದರಿಂದ ಏನೂ ಲಾಭವಾಗಲಿಲ್ಲ. ಅವನ ಮನೆಯಲ್ಲಿ ಜಗಳವಾಡಲು ಇನ್ನೊಬ್ಬರು ಇರಲಿಲ್ಲ.

ಅಂಥ ಮಳೆಯಲ್ಲೂ ಅವನು ಕೆಲಸ ಮಾಡುತ್ತಿದ್ದ ಹೆಬ್ಬಾಳದ ಕಾಲೇಜಿನಲ್ಲಿ ಕಪ್ಪೆಗೆ ಬರ. ಕೊಯ್ದು ನೋಡುವ ಪಾಠಕ್ಕೆ ವರ್ಷವರ್ಷವೂ ಕಪ್ಪೆ ಹಿಡಿದು ತರುತ್ತಿದ್ದ ತಾಜುದ್ದೀನ್ ಸಾಬರು ಮಗಳನ್ನು ಅತ್ತರಿನ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಅತ್ತರಿನ ಬೀಗರ ಎದುರಿಗೆ ಕಪ್ಪೆಯ ಗೋಣಿಚೀಲ ಹೊತ್ತು ಓಡಾಡುವುದು ಹೇಗೆ? ಸಾಬರು ಕಸುಬನ್ನೇ ಬಿಟ್ಟರು. ಪ್ರಾಣಿಶಾಸ್ತ್ರದ ಮುಖ್ಯಸ್ಥ ರಾಮಕೃಷ್ಣಪ್ಪನವರು ಡೆಮಾನ್‌ಸ್ಟ್ರೇಟರ್ ಪಿಳ್ಳಣ್ಣನನ್ನು ಕರೆಸಿದರು.

“ರೀ ಪಿಳ್ಳಣ್ಣ, ಕಪ್ಪೇನ ನಾವೇ ಯಾಕೆ ಬೆಳೆಸಬಾರದು? ಕೋಳಿ ಸಾಕ್ತಾರಲ್ಲ, ಹಂಗೆ.”

“ಕೋಳಿಗೆ ಹುಟ್ಟೋವಾಗ್ಲೇ ಕಾಲಿರ್ತವೆ ಸಾರ್.”

“ತಮಾಷೆ ಬೇಡ. ನಿಮ್ಮದು ಟೆಂಪರರಿ ಪೋಸ್ಟು. ಬರೋ ಮಾರ್ಚಿಗೆ ಮುಗೀತದೆ. ಅಷ್ಟರಲ್ಲಿ ಏನಾದ್ರೂ ಮಾಡಿ ತೋರಿಸಿ, ಖಾಯಂ ಮಾಡಿ ಅಂತ ನಾನು ಮೇಲಕ್ಕೆ ಬರೀತೀನಿ. ಇಲ್ದಿದ್ರೆ ನೀವುಂಟು, ನಿಮ್ಮ ಊರುಂಟು.”

ಊರು ನಾಗಸಂದ್ರ. ಅಲ್ಲಿ ಈಗ ಏನೂ ಇರಲಿಲ್ಲ. ಸೊಪ್ಪು ಮಾರಿ ಅವನನ್ನು ಎಂ.ಎಸ್ಸಿ. ಓದಿಸಿದ ತಾಯಿ ಮುನಿಯಲ್ಲಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ಮನೆ ದಾಯಾದಿಗಳ ಪಾಲಾಗಿತ್ತು. ನಲವತ್ತಕ್ಕೆ ಹತ್ತಿರವಾದ ಪಿಳ್ಳಣ್ಣ ಮತ್ತಿಕೆರೆಯಲ್ಲಿ ದೊಡ್ಡಮುನಿಯಪ್ಪನವರ ಹಿತ್ತಿಲಿನ ಕೋಣೆಯೊಂದರಲ್ಲಿದ್ದ. ಸಾಲಿನ ಉಳಿದ ಕೋಣೆಗಳಲ್ಲಿ ರಾಗಿಯೂ ಬೆರಣಿಯೂ ಇದ್ದವು. ಇಬ್ಬರೂ ಒಳ್ಳೆಯ ನೆರೆಹೊರೆ, ಆದರೆ ಮಾತು ಕಡಿಮೆ.

ಮಾತಿಗೆ ಸಿಗುತ್ತಿದ್ದವಳು ಹಿತ್ತಿಲ ಗೋಡೆಯಾಚೆಯ ಸೊಣ್ಣಮ್ಮ ಒಬ್ಬಳೇ. ಅವಳು ವಿಧವೆ, ಒಂದು ಎಮ್ಮೆ ಕಟ್ಟಿಕೊಂಡು ಹಾಲು ವರ್ತನೆ ಹಾಕುತ್ತಿದ್ದಳು. ಪಿಳ್ಳಣ್ಣ ಬೆಳಿಗ್ಗೆ ಅವಳಿಂದ ಹಾಲು ಕೊಳ್ಳುವನು, ಆಗ ಅವಳಿಗೆ ಮಾತಾಡಲು ಪುರುಸೊತ್ತಿಲ್ಲ. ಸಂಜೆ, ಅವಳು ದೇವರ ಮುಂದೆ ದೀಪ ಹಚ್ಚುವ ಮೊದಲು, ಒಂದು ಸಣ್ಣ ಬಟ್ಟಲು ಹಿಡಿದು ಹೆಪ್ಪಿಗೆ ಹೋಗುವನು. ಅವನು ಹೊಸ್ತಿಲಾಚೆ, ಅವಳು ಹೊಸ್ತಿಲೀಚೆ. ಎಮ್ಮೆ ಎಷ್ಟು ಕರೆಯಿತು, ಮೋಡ ಕಟ್ಟಿದೆಯೋ ಇಲ್ಲವೋ, ಹಿಂಡಿ ತುಟ್ಟಿ. ಇಷ್ಟೇ ಮಾತು. ಅಷ್ಟಾದರೆ ಪಿಳ್ಳಣ್ಣನಿಗೆ ಆ ದಿನ ಮುಗಿಯಿತು. ಕೋಣೆಗೆ ಬಂದು ಹಾಲಿಗೆ ಹೆಪ್ಪು ಹಾಕುವನು. ಮಾರನೆಯ ದಿನ ಅಷ್ಟೂ ಮೊಸರನ್ನು ಅನ್ನಕ್ಕೆ ಸುರಿದುಕೊಂಡು, ಬಟ್ಟಲನ್ನು ಬೆರಳಲ್ಲಿ ಬಳಿದು ತಿನ್ನುವನು. ಮೊಸರಿನ ಆಸೆಗೆ ಅಲ್ಲ. ತಳದಲ್ಲಿ ಒಂದು ಚಮಚ ಉಳಿದರೆ ಅದೇ ನಾಳೆಗೆ ಹೆಪ್ಪಾಗುತ್ತದೆ, ಆಮೇಲೆ ಸಂಜೆ ಎಲ್ಲಿಗೆ ಹೋಗುವುದು?

ಹಾಗಾಗಿ ಪೋಸ್ಟು ಎಂದರೆ ಪಿಳ್ಳಣ್ಣನಿಗೆ ಸಂಬಳವಲ್ಲ, ಮತ್ತಿಕೆರೆ. ಮತ್ತಿಕೆರೆ ಎಂದರೆ ಆ ಹೊಸ್ತಿಲು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲು ರಾಗಿ, ಬೆರಣಿ ಬಿಟ್ಟರೆ ಯಾರಿದ್ದರು?

ಅವನು ಕೆರೆಯಂಚಿನಿಂದ ಸೀಮೆಎಣ್ಣೆ ಡಬ್ಬದ ತುಂಬ ಗೊದಮೊಟ್ಟೆಗಳನ್ನು ತಂದು ಮಡಕೆಗಳಲ್ಲಿ ಬಿಟ್ಟ. ಕೆಲವು ಮಡಕೆ ಕಾಲೇಜಿನ ಕಿಟಕಿಯಲ್ಲಿ, ಕೆಲವು ತನ್ನ ಕೋಣೆಯಲ್ಲಿ. ಬೇಯಿಸಿದ ದಂಟಿನ ಸೊಪ್ಪು ಹಾಕಿದ. ಒಂದು ವಾರ ಕಳೆದು ನೋಡಿದರೆ ಪ್ರತಿ ಮಡಕೆಯಲ್ಲೂ ಒಂದೆರಡು ಮಾತ್ರ ಹುಣಸೆ ಬೀಜದಂತೆ ಊದಿಕೊಂಡಿದ್ದವು. ಉಳಿದವು ಸಾಸಿವೆ ಕಾಳಾಗಿಯೇ ಉಳಿದಿದ್ದವು.

“ಊಟ ಸಾಲದು,” ಎಂದರು ರಾಮಕೃಷ್ಣಪ್ಪನವರು. ಸೊಪ್ಪು ಹೆಚ್ಚಿಸಿದ. ಹುಣಸೆ ಬೀಜ ಅವರೆಕಾಳಾಯಿತು, ಸಾಸಿವೆ ಸಾಸಿವೆಯೇ.

ಕೆರೆಯಿಂದ ಹೊಸದಾಗಿ ಒಂದು ಸಾಸಿವೆಯನ್ನು ತಂದು ತಾನು ಕಾಫಿ ಕುಡಿಯುವ ಲೋಟದಲ್ಲಿ ಒಂಟಿಯಾಗಿ ಬಿಟ್ಟ. ಅದು ಲೋಟದಲ್ಲಿ ತಿರುಗಾಡಲು ಜಾಗ ಸಾಲದಷ್ಟು ಬೆಳೆಯಿತು. ಒಂಟಿಯಾಗಿದ್ದರೆ ಬೆಳೆಯುತ್ತದೆ ಎಂಬುದೇ ನಿಜವಾಗಿದ್ದರೆ ತಾನು ಇಷ್ಟು ಹೊತ್ತಿಗೆ ಯಶವಂತಪುರದ ನೀರಿನ ಟ್ಯಾಂಕಿನಷ್ಟಾಗಬೇಕಿತ್ತಲ್ಲ ಎಂದುಕೊಂಡ ಪಿಳ್ಳಣ್ಣ. ಇನ್ನೊಂದು ಒಂಟಿಯ ಲೋಟಕ್ಕೆ ಗುಂಪಿನ ಮಡಕೆಯ ನೀರು ಬೆರೆಸಿದ. ಅದು ಬೆಳೆಯುವುದನ್ನು ನಿಲ್ಲಿಸಿತು.

“ವಿಷ ಕಣ್ರೀ,” ಎಂದರು ರಾಮಕೃಷ್ಣಪ್ಪನವರು. “ದೊಡ್ಡವು ನೀರಿಗೆ ವಿಷ ಬಿಡ್ತವೆ, ಚಿಕ್ಕವು ಬೆಳೆಯೋದಿಲ್ಲ. ನಮ್ಮ ಇಲಾಖೆ ಇದ್ದಂಗೆ.”

ವಿಷವಾದರೆ ತೊಳೆದರೆ ಹೋಗಬೇಕು. ಪಿಳ್ಳಣ್ಣ ದಿನವೂ ತನ್ನ ಕೋಣೆಯ ಮಡಕೆಗಳನ್ನು ತೊಳೆದು ಹೊಸ ನೀರು ತುಂಬಿದ. ತೊಳೆದ ನೀರನ್ನು ಹಿತ್ತಿಲ ಗೋಡೆಯ ಬಳಿ ಚೆಲ್ಲುವುದನ್ನು ಸೊಣ್ಣಮ್ಮ ನೋಡಿದಳು.

“ಯಾಕ್ ಮೇಷ್ಟ್ರೇ, ಅಷ್ಟು ನೀರ ಸುಮ್ಕೆ ಚೆಲ್ತೀರ? ನಮ್ ಕಲ್ಲುಬಾನೀಗುಯ್ಯಿ. ಎಮ್ಮೆ ಮೈ ತೊಳ್ಯಾಕಾಯ್ತದೆ.”

“ಅದ್ರಲ್ಲಿ ಗೊದಮೊಟ್ಟೆ ಇರ್ತವೆ ಸೊಣ್ಣಮ್ಮನೋರೇ.”

“ಇರ್ಲಿ ಬುಡಿ. ನಮ್ಮೆಮ್ಮೆನೂ ಒಂಟಿ.”

ಅಂದಿನಿಂದ ತೊಳೆದ ನೀರು ಕೊಟ್ಟಿಗೆಯ ಕಲ್ಲುಬಾನಿಗೆ ಹೋಯಿತು. ಆದರೆ ಎಷ್ಟು ತೊಳೆದರೂ ಸಾಸಿವೆಗಳು ಬೆಳೆಯಲಿಲ್ಲ. ಇದೆಂಥ ವಿಷ, ಸೀಗೆಪುಡಿಗೂ ಹೋಗದ್ದು?

ಮೈಕ್ರೋಸ್ಕೋಪಿನಡಿ ಗೊದಮೊಟ್ಟೆಗಳ ಹಿಕ್ಕೆಯನ್ನು ಇಟ್ಟು ನೋಡಿದ. ಅದರ ತುಂಬ ಬಣ್ಣವಿಲ್ಲದ ದುಂಡು ದುಂಡು ಮಣಿಗಳು. ದೊಡ್ಡವುಗಳ ಹಿಕ್ಕೆಯನ್ನು ಚಿಕ್ಕವು ಮುಗಿಬಿದ್ದು ತಿನ್ನುತ್ತಿದ್ದವು. ಆ ಲೋಕದಲ್ಲಿ ಅದು ಪ್ರಸಾದ. ಮಣಿಗಳು ಹಾಗೆ ಹೊಟ್ಟೆಯಿಂದ ಹೊಟ್ಟೆಗೆ ಹೋಗುತ್ತಿದ್ದವು. ರಾಮಕೃಷ್ಣಪ್ಪನವರು ಒಂದು ಕಣ್ಣು ಮುಚ್ಚಿ ನೋಡಿ, “ಯೀಸ್ಟು. ಇಡ್ಲಿ ಹಿಟ್ಟಲ್ಲೂ ಇರ್ತದೆ,” ಎಂದು ಹೊರಟುಹೋದರು.

ಶ್ರಾವಣದ ಒಂದು ಸಂಜೆ ಸೊಣ್ಣಮ್ಮ ಹೆಪ್ಪು ಹಾಕುತ್ತ ಕೈ ತಡೆದಳು.

“ಒಂದ್ ಮಾತ್ ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ ಮೇಷ್ಟ್ರೇ. ಅಷ್ಟೊಂದು ಓದ್ಕಂಡಿದೀರ. ತಳದಾಗೆ ಒಂಚೂರು ಮೊಸ್ರು ಉಳ್ಸಿದ್ರೆ ಅದೇ ನಾಳೀಕೆ ಎಪ್ಪಾಯ್ತದೆ ಅನ್ನದು ಗೊತ್ತಿಲ್ವ? ಎಷ್ಟು ಹಾಲುಯ್ದ್ರೂ ಅಷ್ಟೂನೂ ಮೊಸ್ರು ಮಾಡಾಕ್ತದೆ ಅದು.”

ಪಿಳ್ಳಣ್ಣನ ಕಿವಿ ಬಿಸಿಯಾಯಿತು. ಗುಟ್ಟು ರಟ್ಟಾಯಿತೇ ಎಂದು ಅವನು ಬಟ್ಟಲನ್ನೇ ನೋಡಿದ. “ಮರ್ತೋಗ್ತದೆ,” ಎಂದ.

“ಅದ್ಯಾಕೆ ದಿನಾ ಮರ್ತೋಗ್ತದೋ,” ಎಂದು ಅವಳು ಒಳಗೆ ಹೋದಳು.

ಕೋಣೆಗೆ ಬಂದವನು ಬಟ್ಟಲು ಹಿಡಿದೇ ನಿಂತ. ಎದುರಿಗೆ ಬೆಳಿಗ್ಗೆ ತೊಳೆದಿಟ್ಟ ಮಡಕೆಗಳ ಸಾಲು. ಪ್ರತಿ ಮಡಕೆಯನ್ನೂ ಅವನು ಬಗ್ಗಿಸಿ, ತೊಳೆದು, ಹೊಸ ನೀರು ತುಂಬಿದ್ದ. ಆದರೆ ಬಗ್ಗಿಸುವಾಗ ಒಂದು ಮಡಕೆಯನ್ನೂ ಪೂರ್ತಿ ಬರಿದು ಮಾಡಿರಲಿಲ್ಲ. ಒಂದು ಗುಟುಕು ಹಳೆಯ ನೀರು ತಳದಲ್ಲಿ ಉಳಿಸಿಯೇ ಉಳಿಸಿದ್ದ. ನೀರಿನ ಪಾತ್ರೆಯನ್ನು ಬರಿದು ಮಾಡಿದರೆ ಮನೆ ಬರಿದಾಗುತ್ತದೆ ಎಂದು ಮುನಿಯಲ್ಲಮ್ಮ ಅವನಿಗೆ ಹಾಲುಹಲ್ಲಿನ ಕಾಲಕ್ಕೇ ಹೇಳಿಕೊಟ್ಟಿದ್ದಳು. ಮನೆಯಲ್ಲಿ ಬರಿದಾಗಲು ಏನೂ ಇಲ್ಲದ ಕಾಲದಲ್ಲೂ ಅವಳು ಆ ಗುಟುಕು ಉಳಿಸುತ್ತಿದ್ದಳು. ಎಂ.ಎಸ್ಸಿ. ಪದವಿ ಬಂದಿತ್ತು, ಕೈ ಮಾತ್ರ ತಾಯಿಯದೇ ಆಗಿತ್ತು.

ವಿಷವಾಗಿದ್ದರೆ ದಿನದಿನಕ್ಕೆ ತೆಳುವಾಗಿ ಎಂದೋ ಇಲ್ಲವಾಗುತ್ತಿತ್ತು. ಇದು ತೆಳುವಾಗುವುದಿಲ್ಲ. ಎಷ್ಟು ನೀರು ಹೊಯ್ದರೂ ಅಷ್ಟನ್ನೂ ತನ್ನದು ಮಾಡಿಕೊಳ್ಳುತ್ತದೆ. ಇದು ಬದುಕಿದೆ. ತಾನು ಇಷ್ಟು ದಿನವೂ ಮಡಕೆಗಳಿಗೆ ಹೆಪ್ಪು ಹಾಕುತ್ತಿದ್ದೆ.

ಪಿಳ್ಳಣ್ಣ “ಅಯ್ಯೋ!” ಎಂದು ಗಟ್ಟಿಯಾಗಿ ಕೂಗಿದ. ರಾಗಿ ಸುಮ್ಮನಿತ್ತು, ಬೆರಣಿಯೂ ಸುಮ್ಮನಿತ್ತು. ಇಷ್ಟು ದೊಡ್ಡ ಸಂಗತಿಯನ್ನು ಹೇಳಿಕೊಳ್ಳಲು ಮಾರನೆಯ ಸಂಜೆಯವರೆಗೆ ಕಾಯಬೇಕಿತ್ತು. ಹೆಪ್ಪು ಹಾಕುವುದನ್ನು ಮರೆತದ್ದಕ್ಕೆ ಬೆಳಗಾಗುವಷ್ಟರಲ್ಲಿ ಹಾಲು ಒಡೆದುಹೋಯಿತು.

ಮಾರನೆಯ ದಿನ ಅರ್ಧದಷ್ಟು ಮಡಕೆಗಳನ್ನು ಕೊನೆಯ ಹನಿಯವರೆಗೆ ಬಗ್ಗಿಸಿ, ಕುದಿಯುವ ನೀರು ಹೊಯ್ದು, ಬಿಸಿಲಿನಲ್ಲಿ ಕವುಚಿ ಹಾಕಿದ. ಒಂದೊಂದನ್ನು ಕವುಚುವಾಗಲೂ “ತಪ್ಪಾಯ್ತಮ್ಮ” ಎಂದ. ಆ ಮಡಕೆಗಳಲ್ಲಿ ಬಿಟ್ಟ ಹೊಸ ಮರಿಗಳು ಎಲ್ಲವೂ ಸಮನಾಗಿ ಬೆಳೆದವು. ಹಳೆಯ ನೀರಿನ ಒಂದೇ ಹನಿ ಬಿದ್ದ ಮಡಕೆಯಲ್ಲಿ ಮತ್ತೆ ಸಾಸಿವೆ.

ಆಮೇಲೆ ಅವನು ದಿನಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕುಳಿತ. ಎಡಗಣ್ಣು ಮುಚ್ಚಿ ಮುಚ್ಚಿ ಆ ಅಭ್ಯಾಸ ಎಷ್ಟಾಯಿತೆಂದರೆ, ರಸ್ತೆಯಲ್ಲಿ ಎದುರಾದ ಹೆಂಗಸರು ಈ ಮೇಷ್ಟರು ಕಣ್ಣು ಹೊಡೆಯುತ್ತಾರೆಂದು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಅವನು ಕಂಡದ್ದು ಇಷ್ಟು: ಯೀಸ್ಟಾಗಿದ್ದರೆ ಮೈಮೇಲೆ ಮೊಗ್ಗು ಬಿಟ್ಟು ಹೆಚ್ಚಬೇಕು. ಈ ಮಣಿಗಳು ಮೊಗ್ಗು ಬಿಡುತ್ತಿರಲಿಲ್ಲ. ತಾಯಿಮಣಿಯ ಒಳಗೇ ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೊನೆಗೆ ತಾಯಿಯ ಹೊರಸಿಪ್ಪೆ ಬಿರಿದು ಮರಿಗಳು ಹೊರಗೆ ಬೀಳುತ್ತಿದ್ದವು. ಕೆರೆಕುಂಟೆಗಳಲ್ಲಿ ಬೆಳೆಯುವ ಕೆಲವು ಹಸಿರು ಪಾಚಿಗಳು ಹೆಚ್ಚುವುದು ಹೀಗೆ. ಇದು ಪಾಚಿ. ಆದರೆ ಹಸಿರಿಲ್ಲ. ಬಿಸಿಲು ಕಾಣದ ಹೊಟ್ಟೆಯೊಳಗೆ ಇದ್ದೂ ಇದ್ದೂ ಬಣ್ಣ ಬಿಟ್ಟ ಪಾಚಿ.

“ಹಸಿರಿಲ್ಲದ ಪಾಚಿ!” ಎಂದು ರಾಮಕೃಷ್ಣಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾಳೆ ಖಾರ ಇಲ್ಲದ ಮೆಣಸಿನಕಾಯಿ ತರ್ತೀರಿ.”

ಸೊಣ್ಣಮ್ಮ ನಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದಳು. ಅದು ಆ ವರ್ಷದಲ್ಲೇ ಅವರ ನಡುವಿನ ಅತಿ ಉದ್ದದ ಮಾತು.

“ಅಂಗಾರೆ ಅದು ಗೊದಮೊಟ್ಟೆ ಎಪ್ಪು ಅನ್ನಿ.”

“ಹೂಂ, ಹೆಪ್ಪೇ ಅಂದ್ಕೊಳ್ಳಿ. ಒಂದು ಗುಟುಕಿದ್ರೆ ಸಾಕು, ಪೂರ್ತಿ ಹೆಪ್ಪಾಗ್ಬಿಡ್ತದೆ.”

ಆ “ಅಂದ್ಕೊಳ್ಳಿ” ಎಂಬ ಮಾತು ಮುಂದೆ ತನ್ನ ಕುತ್ತಿಗೆಗೆ ಬರುತ್ತದೆಂದು ಪಿಳ್ಳಣ್ಣನಿಗೆ ಹೊಳೆಯಲಿಲ್ಲ.

ಮದ್ರಾಸಿನಲ್ಲಿ ಪಾಚಿಗಳ ವಿಷಯದಲ್ಲಿ ದೊಡ್ಡ ಪಂಡಿತರೆನಿಸಿದ ಪ್ರೊಫೆಸರರೊಬ್ಬರಿದ್ದರು. ಪಿಳ್ಳಣ್ಣ ಅವರಿಗೆ ಬರೆದ. ಜನವರಿಯಲ್ಲಿ ಬೆಂಗಳೂರಿಗೆ ಬರುವುದಿದೆ, ಜೀವಂತವಾಗಿ ತೋರಿಸಿದರೆ ನೋಡುತ್ತೇನೆ, ಸತ್ತದ್ದನ್ನು ಬೇಕಾದಷ್ಟು ನೋಡಿದ್ದೇನೆ ಎಂದು ಅವರು ಉತ್ತರಿಸಿದರು. ರಾಮಕೃಷ್ಣಪ್ಪನವರ ನಗು ಅಲ್ಲಿಗೆ ನಿಂತಿತು. “ಅವರು ಹೌದು ಅಂದ್ರೆ ಪೋಸ್ಟು ನಿಮ್ಮದು. ಅಲ್ಲ ಅಂದ್ರೆ ನನ್ನನ್ನ ಏನೂ ಕೇಳಬೇಡಿ,” ಎಂದರು.

ಜನವರಿಯವರೆಗೆ ಹೆಪ್ಪನ್ನು ಜೀವಂತವಾಗಿ ಇಡಬೇಕಿತ್ತು. ಚೆನ್ನಾಗಿ ಬೆಳೆದ ಗೊದಮೊಟ್ಟೆಗಳೆಲ್ಲ ಕಾಲು ಮೂಡಿ, ಬಾಲ ಕಳೆದು, ಕಪ್ಪೆಗಳಾಗಿ ಹೋದವು. ಕಪ್ಪೆಯಾದ ಮೇಲೆ ಹೊಟ್ಟೆಯೊಳಗೆ ಮಣಿಗಳಿರುತ್ತಿರಲಿಲ್ಲ. ಸಾಸಿವೆಗಳು ಮಾತ್ರ ಬೆಳೆಯಲೂ ಇಲ್ಲ, ಹೋಗಲೂ ಇಲ್ಲ. ಪಿಳ್ಳಣ್ಣನಿಗೆ ಅವು ಹತ್ತಿರದವು ಅನ್ನಿಸತೊಡಗಿದ್ದವು. ಜೊತೆಯವರೆಲ್ಲ ಕಾಲು ಬಂದ ಕಡೆ ಹೋದ ಮೇಲೂ ಅದೇ ಮಡಕೆಯಲ್ಲಿ ಸುತ್ತುವುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಡಿಸೆಂಬರಿನ ಚಳಿಗೆ ಕೋಣೆಯವು ಸತ್ತವು. ಕಾಲೇಜಿನ ಕಿಟಕಿಯ ಬಿಸಿಲಿನಲ್ಲಿದ್ದವು ಉಳಿದವು.

ಪ್ರೊಫೆಸರರು ಬಂದ ದಿನ ಮಧ್ಯಾಹ್ನ ಪಿಳ್ಳಣ್ಣ ಅವರನ್ನು ಕರೆತರಲು ಹೋಗಿದ್ದ. ಅವರ ಕೆಲಸವೆಲ್ಲ ಮುಗಿದು, ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ರಾತ್ರಿಯ ಮದ್ರಾಸ್ ಮೇಲ್ ರೈಲಿಗೆ ಅವರ ಟಿಕೆಟ್ಟು. ಪ್ರಯೋಗಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗೆ ಕಾಲಿಟ್ಟರೆ ಮೂಗು ಕಟ್ಟುವಷ್ಟು ಫಿನಾಯಿಲ್ ವಾಸನೆ.

“ದೊಡ್ಡವರು ಬರ್ತಾರೆ ಅಂತ ಎಲ್ಲಾ ಕ್ಲೀನ್ ಮಾಡಿಸ್ಬಿಟ್ಟೆ,” ಎಂದರು ರಾಮಕೃಷ್ಣಪ್ಪನವರು ಕೈಯುಜ್ಜುತ್ತ. “ಕಿಟಕೀಲಿ ಆ ಕೊಳಕು ನೀರಿನ ಮಡಕೆಗಳಿದ್ವಲ್ಲ, ಅವನ್ನೂ ತಿಕ್ಕಿಸಿದ್ದೀನಿ. ನೋಡಿ, ಎಷ್ಟು ಲಕ್ಷಣವಾಗಿದೆ!”

ಪ್ರತಿ ಮಡಕೆಯಲ್ಲೂ ಒಂದೊಂದು ಕ್ರೋಟನ್ ಗಿಡ ನಿಂತಿತ್ತು.

ಪಿಳ್ಳಣ್ಣ ಒಂದು ಮಡಕೆಯ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದ. ಮೂಸಿ ನೋಡಿದ. ರಾಮಕೃಷ್ಣಪ್ಪನವರಿಗೆ ನಿಧಾನವಾಗಿ ಅರ್ಥವಾಯಿತು. ಅವರ ಕೈ ಉಜ್ಜುವುದು ನಿಂತಿತು. ಮೇಜಿನ ಮೇಲೆ ಒರೆಸಿ ಹೊಳೆಯುವಂತೆ ಮಾಡಿದ ಮೈಕ್ರೋಸ್ಕೋಪು. ಅದರಡಿ ಇಡಲು ಏನೂ ಇಲ್ಲ.

“ಹಾಗಾದ್ರೆ ತೋರಿಸೋಕೆ ಏನೂ ಇಲ್ಲ ಅನ್ನಿ,” ಎಂದರು ಪ್ರೊಫೆಸರರು. ಅವರು ಕೋಲಾರದಲ್ಲಿ ಓದಿದವರು, ಕನ್ನಡ ಚೆನ್ನಾಗಿತ್ತು. ಸಿಟ್ಟೇನೂ ಇರಲಿಲ್ಲ, ಇಂಥದ್ದು ಅವರು ಎಷ್ಟೋ ನೋಡಿದ್ದರು. ಕೊಡೆ ಕೈಗೆತ್ತಿಕೊಂಡರು.

ಪಿಳ್ಳಣ್ಣನಿಗೆ ಆಗ ಕಲ್ಲುಬಾನಿ ನೆನಪಾಯಿತು. ಆಷಾಢದಿಂದ ತೊಳೆದ ನೀರೆಲ್ಲ ಹೋಗಿದ್ದು ಅಲ್ಲಿಗೆ. ಕೊಟ್ಟಿಗೆಯ ಬೆಚ್ಚಗಿನ ಮೂಲೆ, ಎಮ್ಮೆಯ ಉಸಿರು. ಮೇಲಾಗಿ ಸೊಣ್ಣಮ್ಮನೂ ಬಾನಿಯನ್ನು ಎಂದೂ ಪೂರ್ತಿ ಬರಿದು ಮಾಡುವವಳಲ್ಲ. ಅವಳಿಗೂ ಒಬ್ಬ ತಾಯಿ ಇದ್ದಳಲ್ಲ.

“ಸಾರ್, ಸ್ವಲ್ಪ ಹೊತ್ತು ಕೂತಿರಿ. ಬಂದೆ,” ಎಂದವನೇ ಸೈಕಲ್ ಹತ್ತಿದ.

ಆ ಸೈಕಲ್ ಹೋದ ವೇಗವನ್ನೂ ಕಡಿಮೆ ಮಾಡಿಯೇ ಹೇಳಬೇಕು. ಬೆನ್ನಟ್ಟಿದ ನಾಯಿಗಳು ಅರ್ಧ ದಾರಿಯಲ್ಲಿ ಕುಳಿತು, ಇದು ನಮ್ಮ ಕೈಲಾಗದು ಎಂದು ಒಂದರ ಮುಖ ಒಂದು ನೋಡಿದವು. ಆದರೂ ಸೂರ್ಯ ಅವನಿಗಿಂತ ಒಂದು ಹೆಜ್ಜೆ ಮುಂದಿದ್ದ. ಅವನು ಅಂಗಳಕ್ಕೆ ಬಂದಾಗ ಸೊಣ್ಣಮ್ಮ ದೇವರ ದೀಪ ಹಚ್ಚಿ ಕೈಮುಗಿದು ತಿರುಗುತ್ತಿದ್ದಳು.

ಬಾನಿಯೊಳಗೆ ಬಗ್ಗಿ ನೋಡಿದ. ಕತ್ತಲಲ್ಲಿ ನೀರು ಮಿಸುಕುತ್ತಿತ್ತು. ಜನವರಿ ಬಂದರೂ ಬೆಳೆಯದ ಸಾಸಿವೆಗಳು. ಬದುಕಿದ್ದವು!

“ಸೊಣ್ಣಮ್ಮನೋರೇ, ಒಂದು ಚೊಂಬು ಬಾನಿ ನೀರು ಕೊಡಿ, ಬೇಗ. ಮದ್ರಾಸಿನವರು ಬಂದವ್ರೆ.”

“ಯಾಕೆ?”

“ಅದ್ರಲ್ಲಿ ಹೆಪ್ಪಿದೆ. ಕಾಲೇಜಲ್ಲಿ ಎಲ್ಲಾ ಹೋಯ್ತು. ಇಲ್ಲೊಂದೇ ಉಳಿದಿರೋದು.”

ಸೊಣ್ಣಮ್ಮ ಚೊಂಬಿಗೆ ಚಾಚಿದ ಕೈ ಹಿಂದಕ್ಕೆ ತೆಗೆದಳು.

“ದೀಪ ಅಚ್ಚಾಯ್ತಲ್ಲ ಮೇಷ್ಟ್ರೇ.”

“ಅದು ಹಾಲಿನ ಹೆಪ್ಪಲ್ಲ ಕಣ್ರೀ!”

“ಎಪ್ಪು ಅಂತ ನೀವೇ ಅಲ್ವ ಯೋಳಿದ್ದು? ಒಂದು ಗುಟುಕಿದ್ರೆ ಸಾಕು, ಪೂರ್ತಿ ಎಪ್ಪಾಯ್ತದೆ ಅಂತ? ನಾನೇನು ಕನಸು ಕಂಡ್ನ? ದೀಪ ಅಚ್ಚಿದ್ಮೇಲೆ ಎಪ್ಪು ಮನೆಯಿಂದಾಚೆ ಓದ್ರೆ ಮನೆ ಸಿರಿ ಅದರ ಇಂದೇ ಓಯ್ತದೆ. ನಂಗಿರದು ಒಂದೆಮ್ಮೆ. ಅದರ ಹಾಲು ಬತ್ತೋದ್ರೆ ನಿಮ್ ಮದ್ರಾಸಿನೋರು ಕೊಡ್ತಾರ?”

ಅವಳು ತಡೆದರೆ ತಳ್ಳಿ ಚೊಂಬು ಮುಳುಗಿಸಬಹುದಿತ್ತು. ಪಿಳ್ಳಣ್ಣ ಹಾಗೆ ಮಾಡುವವನಲ್ಲ. ಮುನಿಯಲ್ಲಮ್ಮನೂ ದೀಪ ಹಚ್ಚಿದ ಮೇಲೆ 'ಇಲ್ಲ' ಎಂದೇ ಕಳಿಸುತ್ತಿದ್ದಳು, ಕೇಳಿದವರು ಯಾರೇ ಆಗಿರಲಿ. ಅವನು ಬಾನಿಯ ಪಕ್ಕ ನೆಲದ ಮೇಲೆ ಕುಳಿತ.

“ಇದಾಗ್ದಿದ್ರೆ ಮಾರ್ಚಿಗೆ ನಾನು ಹೋಗ್ಬೇಕು,” ಎಂದ.

“ಎಲ್ಲಿಗೆ?”

“ಗೊತ್ತಿಲ್ಲ.”

ಸೊಣ್ಣಮ್ಮ ಎಮ್ಮೆಯ ಕಡೆ ನೋಡಿದಳು. ಎಮ್ಮೆ ಬಾಲ ಬೀಸಿತು.

“ಎಪ್ಪು ಆಚೀಕೆ ಓಗಂಗಿಲ್ಲ ಅಷ್ಟೆ. ಜನ ಒಳೀಕೆ ಬರಬಾರ್ದು ಅಂತ ಯಾರ್ ಯೋಳವ್ರೆ? ಅವರ್ನೇ ಕರ್ಕಂಬನ್ನಿ. ನೋಡೋ ಮಿಷನ್ನೂ ತಕ್ಕಂಬರ್ಲಿ.”

ಪಿಳ್ಳಣ್ಣ ಮತ್ತೆ ಸೈಕಲ್ ತುಳಿದ. ಕಾಲೇಜಿಗೆ ಬಂದು ಏದುಸಿರು ಬಿಡುತ್ತ ಹೇಳಿದ: “ಇದೆ ಸಾರ್. ಜೀವಂತವಾಗಿದೆ. ಆದ್ರೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡೋದಿಲ್ಲ ಅಂತಾರೆ. ಅಲ್ಲಿಗೇ ಬರಬೇಕಂತೆ. ಎಮ್ಮೆ ಕೊಟ್ಟಿಗೆಗೆ.”

ರಾಮಕೃಷ್ಣಪ್ಪನವರು ಭೂಮಿ ಬಾಯಿ ಬಿಡುವುದೋ ಎಂದು ಕೆಳಗೆ ನೋಡಿದರು. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ನಮ್ಮ ಮನೇಲೂ ಕೊಡೋದಿಲ್ಲ,” ಎಂದರು. “ಒಂದು ಜಟಕಾ ಹೇಳಿ.”

ಜಟಕಾದಲ್ಲಿ ಪ್ರೊಫೆಸರರು ಮೈಕ್ರೋಸ್ಕೋಪನ್ನು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದರು. ಕೊಟ್ಟಿಗೆಯಲ್ಲಿ ಒರಳುಕಲ್ಲಿನ ಮೇಲೆ ಮಣೆ ಹಾಕಿ ಅದನ್ನು ನಿಲ್ಲಿಸಿದರು. ಮತ್ತಿಕೆರೆಯ ಆ ಮೂಲೆಗೆ ಇನ್ನೂ ಕರೆಂಟಿರಲಿಲ್ಲ. ಸೊಣ್ಣಮ್ಮ ಕಂದೀಲು ತಂದು ಹಿಡಿದಳು. ಅದರ ಬೆಳಕು ಕೆಳಗಿನ ಕನ್ನಡಿಗೆ ಬಿದ್ದು ಮೇಲಕ್ಕೆ ಚಿಮ್ಮಿತು. ಪಿಳ್ಳಣ್ಣ ಬಾನಿಯ ತಳದಿಂದ ಒಂದು ತೊಟ್ಟು ತೆಗೆದು ಗಾಜಿನ ಮೇಲಿಟ್ಟ. ಹೊಸ್ತಿಲು ದಾಟದೆ, ಮನೆಯ ಸಿರಿ ಮನೆಯಲ್ಲೇ ಇದ್ದ ಹಾಗೆ.

ಪ್ರೊಫೆಸರರು ಮೊಣಕಾಲೂರಿ ಬಗ್ಗಿದರು. ಎಮ್ಮೆಗೆ ಅವರ ಬೆನ್ನಿನ ಜರಿ ಅಂಗವಸ್ತ್ರ ಹಿಡಿಸಿತು. ಅದು ಅಂಚನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯತೊಡಗಿತು. ಹೇಳಲು ಯಾರಿಗೂ ಧೈರ್ಯವಾಗಲಿಲ್ಲ.

“ಕಂದೀಲು ಇನ್ನೊಂಚೂರು ಎತ್ತಮ್ಮ.”

ಸೊಣ್ಣಮ್ಮ ಎತ್ತಿದಳು. ಕಾದರು. ಮದ್ರಾಸ್ ರೈಲಿನ ಹೊತ್ತು ಬಂತು, ಹೋಯಿತು. ಪಿಳ್ಳಣ್ಣನಿಗೆ ಕೇಳಿಸುತ್ತಿದ್ದದ್ದು ಎಮ್ಮೆ ಅಗಿಯುವ ಸದ್ದು ಒಂದೇ.

“ಮೊಗ್ಗಿಲ್ಲ,” ಎಂದರು ಪ್ರೊಫೆಸರರು ಬಹಳ ಹೊತ್ತಿನ ಮೇಲೆ. ಮತ್ತೆ ಬಗ್ಗಿದರು. ಆಮೇಲೆ ಇದ್ದಕ್ಕಿದ್ದಂತೆ, ತೀರ ಸಣ್ಣ ದನಿಯಲ್ಲಿ, “ಬಿರೀತು! ಒಳಗೆ ಎಂಟು ಮರಿ!” ಎಂದರು.

ಎದ್ದು ನಿಂತಾಗ ಅವರ ಅಂಗವಸ್ತ್ರ ಕಾಲುಭಾಗ ಕಡಿಮೆಯಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. “ಪಾಚಿಯೇ. ಬಣ್ಣ ಬಿಟ್ಟ ಪಾಚಿಗಳು ಬೇರೆ ಇವೆ, ನಾನೂ ನೋಡಿದ್ದೀನಿ. ಗೊದಮೊಟ್ಟೆ ಹೊಟ್ಟೇಲಿ ಸಂಸಾರ ಹೂಡಿ, ಅದನ್ನ ಬೆಳೆಯೋಕೂ ಬಿಡದೇ ಇರೋ ಇಂಥದ್ದನ್ನ ನೋಡಿಲ್ಲ. ಮದ್ರಾಸಿಗೆ ಒಯ್ದು ಬೆಳೆಸಿ ಖಾತ್ರಿ ಮಾಡ್ಕೋಬೇಕು. ಆದ್ರೆ ಇದು ಹೊಸದು ಪಿಳ್ಳಣ್ಣ.”

ಸೊಣ್ಣಮ್ಮ ಕಂದೀಲನ್ನು ಪಿಳ್ಳಣ್ಣನ ಕೈಗೆ ಕೊಟ್ಟು ತಾನೂ ಬಗ್ಗಿ ನೋಡಿದಳು. “ಬೇಯ್ಸಿದ್ ಸಬ್ಬಕ್ಕಿ ಇದ್ದಂಗವೆ,” ಎಂದಳು.

ಹೆಪ್ಪು ಬೆಳಗಾಗುವವರೆಗೆ ಸಿಗುವಂತಿರಲಿಲ್ಲ, ರೈಲು ಹೋಗಿತ್ತು. ಪ್ರೊಫೆಸರರು ಪಿಳ್ಳಣ್ಣನ ಕೋಣೆಯಲ್ಲೇ ಉಳಿದರು. ಆ ಕೋಣೆಗೆ ಅವರೇ ಮೊದಲ ನೆಂಟರು. ಇದ್ದ ಒಂದೇ ತಟ್ಟೆಯಲ್ಲಿ ಅವರಿಗೆ ಬಡಿಸಿ, ಪಿಳ್ಳಣ್ಣ ಪಾತ್ರೆಯ ಮುಚ್ಚಳದಲ್ಲಿ ಉಂಡ. ಚಾಪೆಯ ಮೇಲೆ ಅವರು ಗೊರಕೆ ಹೊಡೆಯುವುದನ್ನು ನಿದ್ದೆ ಬರುವವರೆಗೆ ಕೇಳುತ್ತ ಮಲಗಿದ. ಅಂಥ ಗೊರಕೆ ರಾಗಿಗೂ ಬೆರಣಿಗೂ ಬಾರದು.

ಸೂರ್ಯ ಹುಟ್ಟಿದ ಮೇಲೆ ಸೊಣ್ಣಮ್ಮ ಉಪ್ಪಿನಕಾಯಿಯ ಜಾಡಿ ತೊಳೆದು, ಬಾನಿಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಾನೇ ತಂದುಕೊಟ್ಟಳು.

ಮಾರ್ಚ್ ಬರುವ ಮೊದಲೇ ಮದ್ರಾಸಿನಿಂದ ಖಾತ್ರಿಯ ಕಾಗದ ಬಂತು. ರಾಮಕೃಷ್ಣಪ್ಪನವರು, ತಾವು ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ ಎಂದು ಮೇಲಕ್ಕೆ ಬರೆದರು. ಪಿಳ್ಳಣ್ಣ ಖಾಯಂ ಆದ. ಹೊಸ ಜೀವಕ್ಕೆ ಊರಿನದೋ ಯಾರಾದರೂ ವ್ಯಕ್ತಿಯದೋ ಹೆಸರಿಡುವ ರೂಢಿಯಿದೆ, ನಿಮ್ಮ ಇಷ್ಟವೇನು ಎಂದು ಪ್ರೊಫೆಸರರು ಕೇಳಿದ್ದರು. ಪಿಳ್ಳಣ್ಣ ಒಂದು ಹೆಸರು ಕಳಿಸಿದ. ಅವರು ಅದಕ್ಕೆ ಲ್ಯಾಟಿನ್ನಿನ ಬಾಲ ಸೇರಿಸಿ ಒಪ್ಪಿದರು.

ಅಂದು ಸಂಜೆ, ದೀಪ ಹಚ್ಚುವ ಮೊದಲು, ಪಿಳ್ಳಣ್ಣ ಬಟ್ಟಲು ಹಿಡಿದು ಹೊಸ್ತಿಲಾಚೆ ನಿಂತ. ಬಟ್ಟಲನ್ನು ಮೂರು ಸಲ ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

“ಅದಕ್ಕೆ ಹೆಸರಿಟ್ರು. ನಿಮ್ಮ ಹೆಸ್ರು.”

“ಯಾವ್ದಕ್ಕೆ?”

“ಆ ಪಾಚಿಗೆ.”

ಸೊಣ್ಣಮ್ಮ ಸೊಂಟಕ್ಕೆ ಕೈಕೊಟ್ಟಳು. “ಗೊದಮೊಟ್ಟೆ ಹಿಕ್ಕೆನಾಗಿರೋದಕ್ಕೆ ನನ್ನೆಸ್ರಾ?”

“ಲೋಕದ ಪುಸ್ತಕದಲ್ಲೆಲ್ಲ ಬರ್ತದೆ ಸೊಣ್ಣಮ್ಮನೋರೇ.”

“ಅದೇನು ಮಾಡ್ತದೆ ಅಂತಾನೂ ಬರ್ದಿರ್ತಾರ?”

“ಬರೆದಿರ್ತಾರೆ. ಚಿಕ್ಕವನ್ನ ಬೆಳೆಯೋಕೆ ಬಿಡಲ್ಲ ಅಂತ.”

“ನಮ್ಮತ್ತೆ ಎಸ್ರು ಇಡಬೇಕಾಗಿತ್ತು,” ಎಂದಳು ಸೊಣ್ಣಮ್ಮ.

ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಒಳಗೆ ಹೋಗಿಬಿಟ್ಟಿದ್ದಳು. ಹೆಪ್ಪು ತಂದು ಅವನ ಬಟ್ಟಲಿಗೆ ಹಾಕಿದಳು.

“ಖಾಯಂ ಆಯ್ತಂತಲ್ಲ. ಇನ್ನಾದ್ರೂ ತಳದಾಗೆ ಒಂದ್ ಚಮಚ ಉಳ್ಸದು ಕಲ್ತ್ಕಳಿ.”

“ಕಲ್ತ್ಕೊಳ್ತೀನಿ.”

ಅವಳು ಬಾಗಿಲು ಮುಂದಕ್ಕೆ ಎಳೆಯುತ್ತ ಒಂದು ಗಳಿಗೆ ನಿಂತಳು. “ನಾಳೀಕೆ ಒಸಿ ಬೇಗ ಬನ್ನಿ. ದೀಪ ಅಚ್ಚೋ ಹೊತ್ತಾಗ್ಬಿಡ್ತದೆ,” ಎಂದಳು. ಬಾಗಿಲು ಹಾಕಿಕೊಂಡಿತು.

ಪಿಳ್ಳಣ್ಣ ಕೋಣೆಗೆ ಬಂದು ಹಾಲಿಗೆ ಹೆಪ್ಪು ಹಾಕಿದ. ಮಾರನೆಯ ದಿನ ಅಷ್ಟೂ ಮೊಸರನ್ನು ಅನ್ನಕ್ಕೆ ಸುರಿದುಕೊಂಡ. ಹೊಟ್ಟೆ ತುಂಬಿದ ಮೇಲೂ ಬಿಡದೆ ಬಟ್ಟಲಿನ ತಳವನ್ನು ಬೆರಳಲ್ಲಿ ಬಳಿದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು, ಬಟ್ಟಲನ್ನು ಬಿಸಿಲಿನಲ್ಲಿ ಕವುಚಿ ಇಟ್ಟ. ಮೂಲೆಯ ಕುಡಿಯುವ ನೀರಿನ ಮಡಕೆಯಲ್ಲಿ ಮುನಿಯಲ್ಲಮ್ಮನ ಗುಟುಕು ಇದ್ದೇ ಇತ್ತು.

ಆಮೇಲೆ ಬಾಗಿಲ ಬಳಿ ಕುಳಿತು ಹೊತ್ತು ಇಳಿಯುವುದನ್ನು ಕಾದ.